ಕೈಡಬ್ಬಿಯೊಳಗೆ ಸಿಕ್ಕಿಬಿದ್ದ ಅವ್ವ

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಹುಟ್ಟದಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಮಿಣುಕುಗಲ್ಲು ಅಂತ ಒಂದು ರಾಜ್ಯವಿತ್ತು. ಎಲ್ಲಿತ್ತು, ದಾರಿ ಯಾವುದು ಅಂತ ಕೇಳಬೇಡಿ. ಇತ್ತು ಅಂದರೆ ಇತ್ತು.

ಆ ರಾಜ್ಯದಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕೈಡಬ್ಬಿ. ಅಂಗೈಯಷ್ಟಗಲದ ಡಬ್ಬಿ, ಮೇಲೊಂದು ಗಾಜು, ಕೆಳಗೆ ನಾಲ್ಕು ಗುಂಡಿ. ಗುಂಡಿ ಒತ್ತಿದರೆ ಗಾಜಿನೊಳಗೆ ಹೆಬ್ಬೆರಳುದ್ದದ ಒಬ್ಬ ವೀರ ಓಡುತ್ತಿದ್ದ, ಹಳ್ಳ ಹಾರುತ್ತಿದ್ದ, ಕೋಟೆ ಗೆಲ್ಲುತ್ತಿದ್ದ. ಡಬ್ಬಿಯ ಹೊಟ್ಟೆಯಲ್ಲಿ ಕುಂಕುಮದ ಬೊಟ್ಟಿನಷ್ಟಗಲದ ಒಂದು ಬೆಳಕಿನ ಬಿಲ್ಲೆ. ಅದು ಬೆಳಗುತ್ತಿರುವ ತನಕ ಡಬ್ಬಿಗೆ ಎಲ್ಲಾ ನೆನಪು. ಅದು ಒಂದು ಕ್ಷಣ ಆರಿತೋ, ಒಳಗಿದ್ದದ್ದೆಲ್ಲ ಅಳಿಸಿಹೋಗಿ ಗಾಜು ಬರೀ ಕಪ್ಪು.

ಈ ಡಬ್ಬಿಗಳನ್ನು ಮಾಡಿದವನು ಗಂಟುಮೂತಿ ಅನ್ನೋ ಮಾಂತ್ರಿಕ. ಪ್ರತಿ ಡಬ್ಬಿಯ ಬೆನ್ನಿಗೂ ಅರಗಿನ ಮುದ್ರೆ ಒತ್ತಿ, ‘ಬಿಚ್ಚಿದವರು ಕೆಟ್ಟರು’ ಅಂತ ಬರೆದಿದ್ದ. ಹೆಚ್ಚಿನ ಜನ ಹೆದರಿ ಮುಟ್ಟುತ್ತಿರಲಿಲ್ಲ, ಮುಟ್ಟಿದವರು ಏನಾದರು ಅಂತ ಯಾರಿಗೂ ಗೊತ್ತಿರಲಿಲ್ಲ.

ಆದರೆ ದೇವೀರಿ ಅನ್ನೋ ಹುಡುಗಿಯೊಬ್ಬಳಿದ್ದಳಲ್ಲ, ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬೀಗ ಬಿಚ್ಚಿದಳು, ದೀಪ ಬಿಚ್ಚಿದಳು, ಬಾವಿಯ ರಾಟೆಯನ್ನೂ ಬಿಚ್ಚಿ ಜೋಡಿಸಿದಳು. ಕೆಟ್ಟದ್ದನ್ನು ಬಿಚ್ಚಿದರೆ ಯಾರೂ ಬೇಡ ಅನ್ನರು. ಇವಳಿಗೆ ಚೆನ್ನಾಗಿರೋದನ್ನು ಇನ್ನೂ ಚೆನ್ನಾಗಿ ಮಾಡೋ ಚಟ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗೆ.

ಅವಳ ಅವ್ವ ತಾಯಮ್ಮ. ಗಂಡ ತೀರಿಕೊಂಡ ಮೇಲೆ ಮಗಳು ಬಿಟ್ಟರೆ ಅವಳಿಗಿದ್ದದ್ದು ಆ ಕೈಡಬ್ಬಿಯೊಂದೇ. ಆರು ಕೋಟೆ ಗೆದ್ದಿದ್ದಳು, ಅದಕ್ಕೆ ಆರು ಸಲ ಅನ್ನ ಸೀಯಿಸಿದ್ದಳು. ಒಂದು ಮಧ್ಯಾಹ್ನ ತಾಯಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು ಮುದ್ದೆ ಕೂಡಿಸೋಕೆ ಎದ್ದಳು.

“ಅವ್ವ, ಗಾಜು ಸ್ವಲ್ಪ ಮಂಕಾಗಿದೆ ಅಲ್ವಾ?” ಅಂದಳು ದೇವೀರಿ.

“ಏನೂ ಆಗಿಲ್ಲ, ಚೆನ್ನಾಗೇ ಇದೆ. ಮುಟ್ಟಿದೀಯಾ, ಜೋಕೆ!”

ಅವ್ವ ಒಲೆ ಕಡೆ ತಿರುಗಿದ್ದೇ ತಡ, ದೇವೀರಿ ಮುದ್ರೆಯ ಕೆಳಗೆ ಉಗುರು ತೂರಿಸಿದಳು. ಟಕ್ ಅಂತು. ಸದ್ದು ಕೇಳಿ ತಾಯಮ್ಮ ಓಡಿ ಬಂದು, “ಕೊಡೇ ಇಲ್ಲಿ!” ಅಂತ ಡಬ್ಬಿಗೆ ಕೈ ಹಾಕಿದಳು. ಹಾಕಿದ ಕೈ ಒಳಗೆ ಹೋಯಿತು, ಕೈ ಹಿಂದೆ ತೋಳು, ತೋಳಿನ ಹಿಂದೆ ತಾಯಮ್ಮ. ಮುದ್ದೆ ಕೋಲು ಮಾತ್ರ ನೆಲಕ್ಕೆ ಬಿತ್ತು.

ದೇವೀರಿ ಡಬ್ಬಿ ಎತ್ತಿ ನೋಡಿದಳು. ಗಾಜಿನೊಳಗೆ ಹೆಬ್ಬೆರಳುದ್ದದ ಅವ್ವ ನಿಂತು ಗಾಜು ಬಡಿಯುತ್ತಿದ್ದಳು.

“ಅಯ್ಯೋ ಮುಂಡೇದೇ, ಏನು ಮಾಡಿದೆಯೇ ನನ್ನ?”

ಡಬ್ಬಿಯ ಅಂಚಿನಲ್ಲಿ, ಬಿಲ್ಲೆಯ ಬೆಳಕು ಎಷ್ಟಿದೆ ಅಂತ ತೋರಿಸೋ ಹಸಿರು ಗೆರೆ ಮೂರೇ ಉಳಿದಿದ್ದವು. ಮುದ್ರೆ ಒಡೆದ ಕಡೆಯಿಂದ ಬಿಲ್ಲೆಯ ಬೆಳಕು ಸೋರುತ್ತಿತ್ತು. ಮೂರು ಗೆರೆ ಮುಗಿದರೆ ಬಿಲ್ಲೆ ಆರುತ್ತದೆ. ಬಿಲ್ಲೆ ಆರಿದರೆ ಅವ್ವ ಇಲ್ಲ. ಹೊಸ ಬಿಲ್ಲೆ ಇರೋದು ಗಂಟುಮೂತಿಯ ಕೋಟೆಯಲ್ಲಿ ಮಾತ್ರ.

“ಅವ್ವ, ನಾನು ಬಿಲ್ಲೆ ತರ್ತೀನಿ. ನೀನು ಓಡಬೇಡ, ಹಾರಬೇಡ, ಒಂದು ಕಡೆ ಕೂತಿರು. ಓಡಿದಷ್ಟೂ ಬಿಲ್ಲೆ ಬೇಗ ಸವೆಯುತ್ತೆ.”

“ಕೂತ್ಕೋ ಅಂತೀಯ, ಇಲ್ಲಿ ನರಿಗಳು ಬರ್ತಾವೆ ಕಣೇ!”

“ಬಗ್ಗು ಅವ್ವ! ಬಗ್ಗಿದರೆ ಮೇಲಿಂದ ಹಾರಿಹೋಗ್ತವೆ!”

ದೇವೀರಿ ಸಾಮಾನಿನ ಚೀಲ ಹೆಗಲಿಗೇರಿಸಿದಳು. ಅದರಲ್ಲಿ ಒಂದು ತಿರುಪುಳಿ, ಹತ್ತಿ, ಸಾರಾಯಿ ಶೀಶೆ, ಅರಗಿನ ತುಂಡು, ಚಕಮಕಿ ಕಲ್ಲು, ತಾಮ್ರದ ತಂತಿ. ಸಾರಾಯಿ ಕುಡಿಯೋಕಲ್ಲಪ್ಪ, ಜಿಡ್ಡು ಒರೆಸೋಕೆ. ಡಬ್ಬಿಯನ್ನು ಎದೆಗೆ ಕಟ್ಟಿಕೊಂಡು ಓಡಿದಳು. ಹತ್ತು ಹೆಜ್ಜೆಗೊಮ್ಮೆ ಗೆರೆ ನೋಡುವಳು. ನೋಡಿದರೆ ಭಯ, ನೋಡದಿದ್ದರೆ ಇನ್ನೂ ಭಯ.

ಮೊದಲು ಸಿಕ್ಕಿದ್ದು ಹೊಳೆ. ಹೊಳೆಯ ದಡದಲ್ಲಿ ಆನೆಯೆತ್ತರದ ತಾಮ್ರದ ಗೂಳಿ. ಅವಳನ್ನು ಕಂಡದ್ದೇ ಕೊಂಬು ತಗ್ಗಿಸಿ ನುಗ್ಗಿತು. ದೇವೀರಿ ಬಂಡೆಯ ಹಿಂದೆ ಬಿದ್ದಳು. ಗೂಳಿ ಎಡಕ್ಕೆ ಸರಿದು ಮರಕ್ಕೆ ಗುದ್ದಿತು. ತಿರುಗಿ ಬಂತು, ಮತ್ತೆ ಎಡಕ್ಕೇ ಹೋಯಿತು. ಮೂರನೇ ಸಲವೂ ಎಡಕ್ಕೆ ಹೋಗಿ, ಕೊಂಬು ಮರದಲ್ಲಿ ನಾಟಿ ನಿಂತುಬಿಟ್ಟಿತು.

“ಇದು ಹಾಯೋಕೆ ಬರ್ತಿಲ್ಲ,” ಅಂದುಕೊಂಡಳು ದೇವೀರಿ. “ಅದರ ಕಾಲೇ ಅದನ್ನ ಎಳೀತಿದೆ.”

ಹೆದರುತ್ತಲೇ ಹತ್ತಿರ ಹೋದಳು. ಎಡ ಹೆಗಲಿನ ಕೀಲಿನಲ್ಲಿ ನೂರು ವರ್ಷದ ಮರಳು, ಕಸ. ಹತ್ತಿಗೆ ಸಾರಾಯಿ ಅದ್ದಿ ಒರೆಸಿದಳು. ಒರೆಸಿದಷ್ಟೂ ಕಪ್ಪು ಬಂತು. ಅವಸರದಲ್ಲಿ ಅರ್ಧ ಬಿಟ್ಟು ಹೋಗೋಣ ಅನ್ನಿಸಿತು. ಅರ್ಧ ಒರೆಸಿದ ಕೀಲು ಮತ್ತೆ ಎಳೆಯುತ್ತೆ ಅಂತ ಅವಳಿಗೆ ಗೊತ್ತಿತ್ತು. ಹತ್ತಿ ಬೆಳ್ಳಗೆ ಬರೋ ತನಕ ಒರೆಸಿದಳು.

ಗೂಳಿ ಕೊಂಬು ಬಿಡಿಸಿಕೊಂಡು ನಾಲ್ಕು ಹೆಜ್ಜೆ ನೇರವಾಗಿ ನಡೆಯಿತು. ಅದರ ಕಣ್ಣಲ್ಲಿ ನೀರು. “ತಂಗೀ, ನಾನು ಕೊಲ್ಲೋಕೆ ಬರ್ತೀನಿ ಅಂತಲೇ ಎಲ್ಲರೂ ಓಡಿಹೋಗ್ತಿದ್ದರು. ಹತ್ತು ಬೆನ್ನ ಮೇಲೆ,” ಅಂದು ಹೊಳೆ ದಾಟಿಸಿತು.

ಡಬ್ಬಿ ನೋಡಿದಳು. ಎರಡೇ ಗೆರೆ.

“ಎಷ್ಟು ದೂರ ಬಂತೇ?” ಅವ್ವನ ದನಿ ಸಣ್ಣಗಾಗಿತ್ತು.

“ಬಂದೇಬಿಟ್ವಿ ಅವ್ವ,” ಅಂದಳು ದೇವೀರಿ. ಸುಳ್ಳು.

ಬೆಟ್ಟ ಹತ್ತಿದ ಮೇಲೆ ಕೋಟೆಯ ಕಬ್ಬಿಣದ ಬಾಗಿಲು. ಬಾಗಿಲಿಗೆ ಚಿಲಕವಿಲ್ಲ, ಬೀಗವಿಲ್ಲ. ನಡುವೆ ಒಂದೇ ಒಂದು ತಿರುಪು, ಅದರ ತಲೆಯಲ್ಲಿ ಮೂರು ಮೂಲೆಯ ಸೀಳು. ದೇವೀರಿಯ ತಿರುಪುಳಿ ಅದರೊಳಗೆ ಕೂರಲೇ ಇಲ್ಲ.

ಬಾಗಿಲ ಮೇಲಿನ ಹಿತ್ತಾಳೆ ಗಿಳಿ ನಕ್ಕಿತು. “ಇದಕ್ಕೆ ತಿರುಪುಳಿ ಲೋಕದಲ್ಲೇ ಇಲ್ಲ ಕಣಮ್ಮಾ! ಒಂದೇ ಒಂದಿದೆ, ಅದೂ ಒಳಗಿದೆ! ಗೆರೆ ಮುಗಿಯೋ ಹೊತ್ತಿಗೆ ಒಡೆಯನೇ ತೆಗೀತಾನೆ, ಕಾಯಿ!”

“ಇಲ್ಲದಿದ್ದರೆ ಮಾಡ್ಕೊಂಡರಾಯ್ತು, ಬಾಯಿ ಮುಚ್ಕೊಂಡು ಕೂತ್ಕೋ,” ಅಂದಳು ದೇವೀರಿ.

ಚಕಮಕಿ ಕಲ್ಲು ಬಡಿದು ಬೆಂಕಿ ಮಾಡಿ, ಅರಗನ್ನು ಮೆತ್ತಗೆ ಕಾಯಿಸಿ ಸೀಳಿನೊಳಗೆ ಒತ್ತಿದಳು. ಆರಿ ಗಟ್ಟಿಯಾದರೆ ಸೀಳಿನದೇ ಆಕಾರದ ಹಿಡಿ ಆಗುತ್ತಿತ್ತು. ಆದರೆ ಕಾಯಬೇಕಲ್ಲ! ಗೆರೆ ನೋಡಿದಳು, ತಡೆಯಲಾರದೆ ತಿರುಗಿಸಿದಳು. ಬಿಸಿ ಅರಗು ತಿರುಚಿಕೊಂಡು ಮುರಿಯಿತು. ಗಿಳಿ ಮತ್ತೆ ನಕ್ಕಿತು.

ಆತುರಗಾರನಿಗೆ ಬುದ್ಧಿ ಮಟ್ಟ. ದೇವೀರಿ ಉಳಿದ ಅರಗನ್ನು ಕಾಯಿಸಿ ಒತ್ತಿ, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ನೂರರ ತನಕ ಎಣಿಸಿದಳು. ಎಪ್ಪತ್ತಕ್ಕೆ ಬಂದಾಗ ಇನ್ನೊಂದು ಗೆರೆ ಅಳಿಸಿಹೋಯಿತು. ಆದರೂ ಏಳಲಿಲ್ಲ. ಆ ಮೂವತ್ತು ಎಣಿಸೋವಷ್ಟರಲ್ಲಿ ಅವಳಿಗೆ ಮೂವತ್ತು ವರ್ಷ ಕಳೆದ ಹಾಗಾಯಿತು. ನೂರಕ್ಕೆ ಎದ್ದು ತಿರುಗಿಸಿದಳು. ತಿರುಪು ಕಿರ್ ಅಂತ ತಿರುಗಿತು, ಬಾಗಿಲು ತೆರೆಯಿತು.

ಒಳಗೆ ದೊಡ್ಡ ಹಜಾರ. ಗೋಡೆ ತುಂಬಾ ಗೂಡುಗಳು, ಗೂಡು ತುಂಬಾ ಕಪ್ಪಾದ ಕೈಡಬ್ಬಿಗಳು. ನಡುವೆ ಗಂಟುಮೂತಿ ಕೂತಿದ್ದ. ವಯಸ್ಸು ಮುನ್ನೂರು, ನೋಡಿದರೆ ಮೂವತ್ತು. ಡಬ್ಬಿಯೊಳಗೆ ಸಿಕ್ಕವರ ಬಿಲ್ಲೆ ಆರಿದಾಗ ಅವರ ಆಯಸ್ಸೆಲ್ಲ ಅವನ ಮೈಗೆ ಬಂದು ಸೇರುತ್ತಿತ್ತು.

“ಬಾ ಮಗಳೇ, ಬಿಲ್ಲೆ ತಾನೇ? ತಗೋ,” ಅಂತ ನಗುನಗುತ್ತಾ ಹೊಸ ಬಿಲ್ಲೆ ಕೊಟ್ಟ. “ಹಳೇದು ತೆಗಿ, ಹೊಸದು ಹಾಕು. ಅಷ್ಟೇ ಕೆಲಸ.”

ದೇವೀರಿ ಹಳೆಯ ಬಿಲ್ಲೆಯ ಕೆಳಗೆ ತಿರುಪುಳಿಯ ತುದಿ ತೂರಿಸಿದಳು. ಎತ್ತಬೇಕು ಅನ್ನುವಷ್ಟರಲ್ಲಿ ಕೈ ನಿಂತಿತು. ಹಳೇದು ತೆಗೆದು ಹೊಸದು ಹಾಕೋ ನಡುವೆ ಒಂದು ಕ್ಷಣ ಇದೆಯಲ್ಲ! ಆ ಕ್ಷಣ ಬಿಲ್ಲೆಯೇ ಇರಲ್ಲ. ಆ ಕ್ಷಣ ಅವ್ವನೂ ಇರಲ್ಲ. ಗೂಡುಗಳ ಕಡೆ ನೋಡಿದಳು. ಆ ಕಪ್ಪು ಡಬ್ಬಿಗಳಲ್ಲಿದ್ದವರ ಮನೆಯವರೆಲ್ಲ ಹೀಗೇ, ಬದುಕಿಸೋಕೆ ಬಂದು, ತಮ್ಮ ಕೈಯಾರೆ ಕಳಕೊಂಡವರು.

“ಯಾಕೆ ನಿಲ್ಲಿಸಿದೆ? ಗೆರೆ ಮಿಟುಕ್ತಾ ಇದೆ ನೋಡು,” ಅಂದ ಗಂಟುಮೂತಿ.

ನಿಜ. ಕೊನೆಯ ಗೆರೆ ಮಿಟುಕುತ್ತಿತ್ತು. ಅವ್ವ ಗಾಜಿನೊಳಗೆ ಮಲಗಿಬಿಟ್ಟಿದ್ದಳು.

ದೇವೀರಿ ಎರಡು ತಂತಿ ತೆಗೆದಳು. ಹಳೆಯದು ಇದ್ದ ಹಾಗೇ ಹೊಸ ಬಿಲ್ಲೆಯನ್ನು ತಂತಿಯಿಂದ ಅದರ ಜೊತೆ ಸೇರಿಸಬೇಕು. ಬೆಳಕು ಕಡಿಯದ ಹಾಗೆ ಹಳೆಯದನ್ನು ಎತ್ತಬೇಕು. ಒಂದು ಕೈಯಲ್ಲಿ ಡಬ್ಬಿಗೆ ತಾಗಿಸಿದ ತಂತಿಗಳು, ಇನ್ನೊಂದರಲ್ಲಿ ತಿರುಪುಳಿ. ಹೊಸ ಬಿಲ್ಲೆ ಹಿಡಿಯೋಕೆ ಮೂರನೇ ಕೈ ಎಲ್ಲಿದೆ?

ರಿಪೇರಿ ಮಾಡೋರ ಒಂದು ಅಭ್ಯಾಸ ನಿಮಗೆ ಗೊತ್ತಿರಬೇಕು. ಪಕ್ಕದಲ್ಲಿ ರಾಜ ನಿಂತಿರಲಿ, ರಾಕ್ಷಸ ನಿಂತಿರಲಿ, ತಲೆ ಎತ್ತದೆ ಕೈಗೆ ಏನಾದರೂ ಕೊಟ್ಟುಬಿಡ್ತಾರೆ. ನಿಂತವರೂ ಅಷ್ಟೇ, ಬೇಡ ಅನ್ನೋಕೆ ಬಾಯೇ ಬರಲ್ಲ.

“ಇದನ್ನ ತಂತಿಗೆ ಒತ್ತಿ ಹಿಡ್ಕೊಳ್ಳಿ, ಅಲ್ಲಾಡಬೇಡಿ,” ಅಂದಳು ದೇವೀರಿ.

ಗಂಟುಮೂತಿ ಮುನ್ನೂರು ವರ್ಷದಲ್ಲಿ ಹೀಗೊಂದು ಕೆಲಸ ನೋಡಿರಲಿಲ್ಲ. “ಹೀಗೂ ಆಗುತ್ತಾ?” ಅಂತ ಬಗ್ಗಿದ. ಬಗ್ಗಿದವನು ಹಿಡಿದುಕೊಂಡ.

ಹಿಡಿದ ಬೆರಳು ತಂತಿಗೆ ಅಂಟಿಕೊಂಡಿತು. ಡಬ್ಬಿಗಳಿಂದ ಅವನ ಮೈಗೆ ಹೋಗಿದ್ದ ಆಯಸ್ಸೆಲ್ಲ ತಂತಿಯಲ್ಲಿ ವಾಪಸ್ಸು ಹರಿಯತೊಡಗಿತು. ಅವನ ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು.

“ಬಿಡಿಸೇ! ಸಾಯ್ತೀನಿ ಕಣೇ!”

“ಅಲ್ಲಾಡಬೇಡಿ ಅಂದೆ!” ಗದರಿದಳು ದೇವೀರಿ. ಅವಳ ಕಣ್ಣು ಬಿಲ್ಲೆಯ ಮೇಲೇ ಇತ್ತು. ಉಸಿರು ಹಿಡಿದು ಹಳೆಯದನ್ನು ಎತ್ತಿದಳು. ಬೆಳಕು ಕಡಿಯಲಿಲ್ಲ. ತಂತಿ ಬಿಡದೆ ಹೊಸದನ್ನು ಅದರ ಜಾಗಕ್ಕೆ ಜಾರಿಸಿದಳು. ಗಾಜು ಹಗಲಿನ ಹಾಗೆ ಬೆಳಗಿತು. ಮೂರಲ್ಲ, ಮೂವತ್ತು ಗೆರೆ ಎದ್ದವು.

ಅವಳು ತಲೆ ಎತ್ತಿದಾಗ ನೆಲದ ಮೇಲೆ ಒಂದು ಖಾಲಿ ನಿಲುವಂಗಿ ಬಿದ್ದಿತ್ತು, ಗಂಟುಮೂತಿಯೂ ಇಲ್ಲ, ಅವನ ಮಾಟವೂ ಇಲ್ಲ. ಗೂಡಿನ ಡಬ್ಬಿಗಳು ಒಂದೊಂದಾಗಿ ಹೊತ್ತಿಕೊಂಡವು. ಒಬ್ಬ ಅಗಸ ಹೊರಗೆ ಬಿದ್ದ, ಒಬ್ಬಳು ಬಾಣಂತಿ ಮಗುವಿನ ಸಮೇತ ಇಳಿದಳು, ಒಬ್ಬ ಮುದುಕ ನಶ್ಯದ ಡಬ್ಬಿ ಹುಡುಕುತ್ತಾ ಬಂದ. ಹಜಾರ ತುಂಬಾ ಅಳು, ನಗು, ಹೆಸರು ಹಿಡಿದು ಕೂಗಾಟ.

ಕೊನೆಗೆ ತಾಯಮ್ಮನೂ ಡಬ್ಬಿಯಿಂದ ಹೊರಬಂದಳು. ಮಗಳಿಗೆ ಬಾರಿಸೋಕೆ ಕೈ ಎತ್ತಿದಳು. ದೇವೀರಿ ಇನ್ನೂ ತಂತಿ ಹಿಡಿದು ಹಾಗೇ ಕೂತಿದ್ದಳು, ಕಲ್ಲಿನ ಹಾಗೆ.

“ಬಿಡು ಮಗಳೇ,” ಅಂದಳು ತಾಯಮ್ಮ.

“ಬಿಟ್ಟರೆ ನೀನು ಹೋಗ್ತೀಯ.”

“ನಾನು ಹೊರಗಿದೀನಿ ಕಣೇ. ನೋಡಿಲ್ಲಿ.”

ತಾಯಮ್ಮ ಪಕ್ಕದಲ್ಲಿ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯ ಬೆರಳು ಬಿಡಿಸಿದ ಕೂಡಲೇ ದೇವೀರಿಯ ಎರಡೂ ಕೈ ಗಡಗಡ ನಡುಗತೊಡಗಿದವು. ತಾಯಮ್ಮ ಆ ಕೈಗಳನ್ನು ತನ್ನ ಮಡಿಲಿಗೆ ಹಾಕಿಕೊಂಡು ಸೆರಗು ಹೊದಿಸಿದಳು.

“ಈಗ ಎಷ್ಟು ಬೇಕಾದರೂ ನಡುಗಲಿ,” ಅಂದಳು. “ಇನ್ನು ಹಿಡೀಬೇಕಾದ್ದು ಏನೂ ಇಲ್ಲ.”

ಅಂದಿನಿಂದ ಮಿಣುಕುಗಲ್ಲಿನಲ್ಲಿ ಮುದ್ರೆ ಒತ್ತಿದ ಡಬ್ಬಿ ಒಂದೂ ಇಲ್ಲ. ಅವರ ಮನೆಗಳಲ್ಲಿ ದೀಪ ಆರಲಿಲ್ಲ, ಕೇಳಿದ ನಿಮ್ಮ ಮನೆಯಲ್ಲೂ ಆರದಿರಲಿ.