ಮುಟ್ಟಿದರೆ ಮುನಿ ಮಾಲೆಯ ರಾಜ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಹೂಂ ಅನ್ನೋಕೆ ಒಬ್ಬರಾದರೂ ಎಚ್ಚರವಾಗಿರಿ, ಇಲ್ಲದಿದ್ದರೆ ಕತೆ ಅರ್ಧ ದಾರಿಯಲ್ಲೇ ಮಲಗಿಬಿಡುತ್ತದೆ.

ಬಲು ಹಿಂದೆ ಮೆದುಗಿರಿ ಅಂತ ಒಂದು ರಾಜ್ಯ. ಅಲ್ಲಿನ ರಾಜ ಮಲ್ಲರಸ. ಒಳ್ಳೆಯವನೇ, ಆದರೆ ಮನಸ್ಸು ಹಪ್ಪಳ. ಜಂಬುಕನೆಂಬ ಮಾಯಕಾರ ಅವನ ಕೊರಳಿಗೆ ಮುಟ್ಟಿದರೆ ಮುನಿ ಗಿಡದ ಮಾಲೆ ಹಾಕಿದ. ಯಾರ ಮಾತಿಗಾದರೂ ರಾಜ ಮುನಿದರೆ ಎಲೆ ಮುದುಡುವುದು, ಆಡಿದವರು ಕಲ್ಲಾಗುವರು. ಜನ ಹೆದರಿ ನುಂಗಿಕೊಂಡ ಮಾತೆಲ್ಲ ಜಂಬುಕನ ಹೊಟ್ಟೆ ಸೇರುವುದು. ಅವನು ಉಬ್ಬಿದ, ಉಬ್ಬಿದ, ಕಣಜದಷ್ಟಾದ.

ಸಾರಿಗೆ ಉಪ್ಪು ಹೆಚ್ಚಾದರೂ, "ತಪ್ಪು ತಿಳಿಯಬೇಡಿ, ಸಮುದ್ರರಾಜ ಬಂದುಹೋದ ಹಾಗಿದೆ" ಅನ್ನಬೇಕು. ಹಾಗಾಯಿತು ಊರಿನ ಪಾಡು.

ಊರ ಮೇಲ್ಗಡೆ ರಾಜನ ತಾಯಿ ದೇವಾಜಮ್ಮನ ಹೆಸರಿನ ಕೆರೆ. ಅದರ ಏರಿ ಸೋರತೊಡಗಿತು. ದೇವಾಜಮ್ಮನ ಕೆರೆ ಸೋರ್ತದೆ ಅಂದರೆ ತಾಯಿಗೇ ಅವಮಾನವಲ್ಲವೇ? ಎಲ್ಲರೂ ತೆಪ್ಪಗಿದ್ದರು. ತೂಬು ಕಾಯುವ ಕೆಂಚ ಹೋಗಿ ರಾಜನಿಗೆ ಹೇಳಿದ. ನಿಂತಲ್ಲೇ ಕಲ್ಲಾದ.

ಅವನ ಅಕ್ಕ ಬೈರಿ. ಮದುವೆಮನೆಯಲ್ಲಿ ಬೀಗರನ್ನು ಹಂಗಿಸುವ ಹಾಡು ಹೇಳುವವಳು. ಅವಳ ಎದೆಗಾರಿಕೆ ಏನಂತ ಹೇಳಲಿ! "ತಮ್ಮ ಕಲ್ಲಾದ, ನಾಳೆ ಊರು ನೀರಾಗ್ತದೆ" ಅಂತ ಮಡಿಲಿಗೆ ಬೆಲ್ಲ ಕಟ್ಟಿಕೊಂಡು ಅರಮನೆಗೆ ಹೊರಟೇಬಿಟ್ಟಳು.

ಮೊದಲ ಬಾಗಿಲಲ್ಲಿ ಜಂಬುಕ ಹೊಸದಾಗಿ ಕಾವಲಿಟ್ಟ ಮಾಯಾಹುಲಿ. "ನನ್ನ ಮನಸ್ಸು ನೊಂದರೆ ನುಂಗ್ತೀನಿ!"

ಹಂಗಿಸುವವಳು ಮೊದಲು ತನ್ನನ್ನೇ ಹಂಗಿಸಿಕೊಳ್ಳಬೇಕು, ಕೊನೆಗೆ ಬಾಯಿಗೆ ಬೆಲ್ಲ ಇಡಬೇಕು. ಅದು ಪದ್ಧತಿ. ಬೈರಿ ಹಾಡಿದಳು:

"ನನ್ನ ಮೂಗು ಬದನೆಕಾಯಿ, ನೋಡಿ ಬೀಗರೇ,
ನಿಮ್ಮ ಮೀಸೆ ಹಳೇ ಪೊರಕೆ, ಗುಡಿಸಿ ಬೀಗರೇ!"

ಹುಲಿ ಹೊಟ್ಟೆ ಹಿಡಿದು ನಕ್ಕಿತು. ಬೆಲ್ಲ ತಿಂದು ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ಬೆಂಕಿಗರಿಯ ನವಿಲು. "ನನ್ನ ಕಾಲಿನ ಸುದ್ದಿ ಎತ್ತಿದರೆ ಸುಟ್ಟೇನು!"

"ನನ್ನ ಹಿಮ್ಮಡಿ ಬಿರಿದ ಗದ್ದೆ, ನೋಡಿ ಬೀಗರೇ,
ನಿಮ್ಮ ಕಾಲು ಒಣಗಿದ ಕಡ್ಡಿ, ಕುಣಿಸಿ ಬೀಗರೇ!"

ನವಿಲು ಕುಣಿದೇ ಕುಣಿಯಿತು.

ಮೂರನೆಯದು ರಾಜಸಭೆ.

"ನನ್ನ ಮನೆಯ ಸೂರು ಸೋರ್ತದೆ, ನೋಡಿ ಬೀಗರೇ,
ನಿಮ್ಮ ಅವ್ವನ ಕೆರೆಯೂ ಸೋರ್ತದೆ, ಮುಚ್ಚಿ ಬೀಗರೇ!"

"ರಾಜಮಾತೆಗೆ ಅವಮಾನ!" ಜಂಬುಕ ಅರಚಿದ. ರಾಜನ ಮುಖ ಗಂಟಾಯಿತು, ಎಲೆ ಮುದುಡಿತು. ಬೈರಿಯ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು. ಅವಳು ಬಾಯಿ ಮುಚ್ಚಲಿಲ್ಲ.

"ಕಲ್ಲಾದರೆ ಆಗ್ತೀನಿ ಬುದ್ಧಿ. ಏರಿ ಒಡೆದರೆ, ಆಮೇಲೆ ಮುನಿಸಿಕೊಳ್ಳೋಕೆ ನಿಮಗೆ ಊರೇ ಇರಲ್ಲ!"

ಪರದೆಯ ಹಿಂದಿನಿಂದ ದೇವಾಜಮ್ಮ ಕೋಲೂರಿಕೊಂಡು ಬಂದಳು. "ಸೋರೋದು ನನಗೂ ಗೊತ್ತಿತ್ತು ಕಣೋ ಮಗನೇ. ನೀನು ಎಲ್ಲಿ ನೊಂದ್ಕೋತೀಯೋ ಅಂತ ಹೆತ್ತವಳು ನಾನೂ ಬಾಯಿ ಕಟ್ಕೊಂಡೆ."

"ಅವ್ವಾ, ನಿನಗೂ ನನ್ನ ಹೆದರಿಕೆಯೇ?"

ರಾಜ ನೊಂದ, ಸುಳ್ಳು ಯಾಕೆ. ಆದರೆ ಈ ಸಲ ಮುನಿಯಲಿಲ್ಲ. ಸಿಂಹಾಸನದಿಂದ ಇಳಿದು ಬೈರಿಯ ಮುಂದೆ ಬಾಯಿ ತೆರೆದು ನಿಂತ. "ಎಲ್ಲಿ ತಾಯೀ, ನನ್ನ ಬೆಲ್ಲ?"

ಮುದುಡಿದ ಎಲೆ ಬಿಚ್ಚಿಕೊಂಡಿತು, ಮಾಲೆ ಕಳಚಿ ಬಿತ್ತು. ಜಂಬುಕನ ಹೊಟ್ಟೆ ಬಿರಿದು, ನುಂಗಿದ ಮಾತೆಲ್ಲ ಗೊರವಂಕಗಳಾಗಿ ಹಾರಿ ಅವರವರ ಬಾಯಿಗೆ ಮರಳಿದವು. ಕಲ್ಲಾದವರೆಲ್ಲ ಎದ್ದರು. ಹೊತ್ತು ಮುಳುಗುವ ಮೊದಲೇ ಏರಿಗೆ ಮಣ್ಣು ಬಿತ್ತು. ರಾಜನ ತಲೆಯ ಮೇಲೂ ಒಂದು ಪುಟ್ಟಿ!

ಆಮೇಲೆ ಜಂಬುಕ ಕುಗ್ಗಿ ಜೀರುಂಡೆಯಾದ, ಈಗಲೂ ಗುಂಯ್ಗುಡುತ್ತಾನೆ. ಹುಲಿ ಮೀಸೆ ಬಾಚಿಕೊಂಡು ಮದುವೆಗಳಿಗೆ ಹೋಯಿತು, ನವಿಲು ಅಲ್ಲೇ ಕುಣಿಯಿತು. ಕೆಂಚ ತೂಬಿಗೆ ಮರಳಿದ. ದೇವಾಜಮ್ಮ ಮಗನ ಕಿವಿ ಹಿಂಡುತ್ತ ನೂರು ವರ್ಷ ಬದುಕಿದಳು. ಬೈರಿ ಹಾಡುತ್ತಲೇ ಇದ್ದಳು. ಅವಳು ಹಾಡುವ ಮದುವೆಗಳಲ್ಲಿ ಬೀಗರ ಸಾಲಿನ ಮೊದಲ ಎಲೆಗೆ ರಾಜನೇ ಕೂರುತ್ತಿದ್ದ, ತನ್ನನ್ನು ಯಾವಾಗ ಹಂಗಿಸುತ್ತಾಳೋ ಅಂತ ಕಿವಿ ಅರಳಿಸಿಕೊಂಡು.