ಕಾಗದದಲ್ಲಿ ಖಾಲಿಯಿದ್ದ ಎಡಮೂಲೆ

ಶನಿವಾರ ದಾಂಡೇಲಿಯಲ್ಲಿ ನಡೆದ ಬಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಅಂಬಿಕಾನಗರದ ಹುಡುಗಿಯರು ಹಳಿಯಾಳದ ತಂಡಕ್ಕೆ ಎರಡು ಅಂಕಗಳಿಂದ ಸೋತರು. ಅವರ ಪ್ರತಿಯೊಂದು ದಾಳಿಯೂ ಎದುರಾಳಿಗಳಿಗೆ ಮೊದಲೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ತಂಡದ ಆಟಗಾರ್ತಿ ರುಕ್ಮಾ ಸಿದ್ದಿಯನ್ನು ಕಳ್ಳಿಯ ಹಾಗೆ ನಿಲ್ಲಿಸಿದ್ದರು.

"ಇಕಿ ಚಿಕ್ಕಪ್ಪನ ಮಗಳು ಹಳಿಯಾಳ ಟೀಮಿನ್ಯಾಗ ಅದಾಳ. ಶುಕ್ರವಾರ ಇಬ್ಬರೂ ಸಾಂಬ್ರಾಣಿ ಊರಾಗ ಕೂಡಿ ಚಹಾ ಕುಡದಾರ. ಇನ್ನೇನ ಸಾಕ್ಷಿ ಬೇಕ್ರಿ?" ಎಂದರು ಅಧ್ಯಕ್ಷ ಚನಬಸಪ್ಪ. ಮಧ್ಯಾಹ್ನದೊಳಗೆ ಜಿಲ್ಲಾ ಶಿಬಿರಕ್ಕೆ ಒಬ್ಬಳ ಹೆಸರು ಕಳಿಸಬೇಕಿತ್ತು. ರುಕ್ಮಾಳ ಹೆಸರು ಹೊಡೆದುಹಾಕಿದರೆ ಮುಂದಿನವಳು ಚನಬಸಪ್ಪನವರ ಅಣ್ಣನ ಮಗಳು.

"ಬೆವರು ಒರೆಸೋದು ಗೊತ್ತಿಲ್ಲ, ಆಟ ಮಾರೋದು ಗೊತ್ತೈತಿ," ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕೈದು ಜನ ನಕ್ಕರು. ವರದಿಗಾರ ಹರೀಶ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಪಕ್ಕದಲ್ಲಿದ್ದ ದ್ವಾರಕಾಬಾಯಿಯತ್ತ ನೋಡಿದ. ಆಕೆ ನಿವೃತ್ತ ಆಟದ ಟೀಚರು. ಕಾಲೊನಿಯಲ್ಲಿ ಸರ ಕಳೆದರೂ ಸೈಕಲ್ ಕಳೆದರೂ ಜನ ಮೊದಲು ತಟ್ಟುವುದು ಆಕೆಯ ಬಾಗಿಲನ್ನೇ. ಇಂಥ ಹತ್ತಾರು ಪತ್ತೆಗಳಲ್ಲಿ ಹರೀಶ ಆಕೆಯ ಜೊತೆಗಿದ್ದ.

"ಚನಬಸಪ್ಪನವರ, ನಿನ್ನೆ ಮ್ಯಾಚ್ ನೋಡಿದ್ರೇನು?" ದ್ವಾರಕಾಬಾಯಿ ಕೇಳಿದರು.

"ಎಲ್ಲಿ ನೋಡೂದ್ರಿ? ಸೋಮವಾರ ಸಂಜೀಕ ಕ್ಯಾಸಲ್‌ರಾಕ್‌ಗೆ ಬೀಗರ ಮನಿಗೆ ಹೋದಾವ, ನಿನ್ನೆ ಸಂಜೀಕ ಬಂದೇನಿ."

"ರುಬಿನಾ, ನಿನ್ನ ಆಟದ ಯೋಜನೆ ಯಾರ್‍ಯಾರಿಗೆ ಗೊತ್ತಿತ್ತು?"

ಕೋಚ್ ರುಬಿನಾ ತಲೆ ಎತ್ತಿದಳು. "ಸೋಮವಾರ ಕಾಗದದಾಗ ಬರದು ಅಧ್ಯಕ್ಷರಿಗೆ ಕೊಟ್ಟೆ. ಬರದು ಕೊಡದಿದ್ರ ತಂಡದ ಪಟ್ಟಿಗೆ ಸಹಿ ಹಾಕಂಗಿಲ್ಲ ಅಂತಾರ್ರಿ. ಮ್ಯಾನೇಜರ್ ಬಸಲಿಂಗಯ್ಯನವರೂ ನೋಡಿದ್ರು. ಹುಡುಗ್ಯಾರಿಗೆ ಕಾಗದ ತೋರಿಸೂದಿಲ್ಲ. ಕಾಗದ ನೋಡಿದವ್ರು ಕಾಗದಾನ ಕಾಯ್ತಾರ, ಆಟ ಕಾಯಂಗಿಲ್ಲ. ಅಂಗಳದಾಗ ನಡಿಸಿ ಕಲಿಸ್ತೇನಿ."

"ಅದನ್ನ ಆಮ್ಯಾಲ ಬದಲಿ ಮಾಡಿದೇನು?"

"ಮಂಗಳವಾರ. ಕಲಿಸೂಕಿಂತ ಮೊದಲ. ದಾಳಿ ಹಂಗ ಇಟ್ಟು ರಕ್ಷಣೆ ಅಷ್ಟ ಬದಲಿಸಿದೆ. ಬಸಲಿಂಗಯ್ಯನವರು ಅಲ್ಲೇ ಇದ್ರು."

ದ್ವಾರಕಾಬಾಯಿ ರುಬಿನಾಳ ಹತ್ತಿರವಿದ್ದ ಕಾಗದದ ಪ್ರತಿ ನೋಡಿ, ರಕ್ಷಣೆಗೆ ನಿಲ್ಲುವ ಐವರಂತೆ ನೆಲದ ಮೇಲೆ ಐದು ಬಾಟಲಿ ಮುಚ್ಚಳ ಇಟ್ಟರು: ಮುಂದೆ ಎರಡು, ಹಿಂದೆ ಮೂರು.

"ಕಾಗದದ ಪ್ರಕಾರ ಚೆಂಡು ಎಡಕ್ಕ ಬಂದ್ರ ಹಿಂದಿನ ರುಕ್ಮಾ ಮುಂದ ಓಡಬೇಕು. ಅವಳ ಹಿಂದಿನ ಮೂಲೆ ಖಾಲಿ. ಅಂಗಳದಾಗ ಕಲಿಸಿದ್ದು ಬ್ಯಾರೆ. ಮುಂದಿನಾಕಿ ಪಕ್ಕಕ್ಕ ಸರೀತಾಳ, ರುಕ್ಮಾ ಮೂಲೆ ಬಿಡಂಗಿಲ್ಲ." ಆಕೆ ತಮ್ಮ ನೋಟ್‌ಬುಕ್ ತೆರೆದರು. "ನಿನ್ನೆ ಮೊದಲರ್ಧದಾಗ ಹಳಿಯಾಳದವ್ರು ಎಡಮೂಲೆಗೆ ಏಳು ಪಾಸ್ ಕೊಟ್ಟಾರ. ಐದನ್ನ ರುಕ್ಮಾ ಕಸದಾಳ. ಆಕೀನ ಹೇಳಿಕೊಟ್ಟಿದ್ರ, ತಾನು ನಿಲ್ಲೂ ಜಾಗಾಕ್ಕ ಚೆಂಡು ಒಗೀರಿ ಅಂತಿದ್ದಳೇನು? ಖಾಲಿ ಮೂಲೆ ಇದ್ದದ್ದು ಕಾಗದದಾಗ ಅಷ್ಟ. ಹುಡುಗ್ಯಾರು ಅದನ್ನ ನೋಡೇ ಇಲ್ಲ. ನೋಡಿದ ಮೂವರೊಳಗ ಇಬ್ಬರಿಗೆ ಬದಲಾದದ್ದು ಗೊತ್ತಿತ್ತು."

ಎಲ್ಲರೂ ಮೂರನೆಯವರತ್ತ ತಿರುಗಿದರು. ಚನಬಸಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡರು.

"ಅವರ ಕೋಚ್ ಹಳೇ ದೋಸ್ತ್ರಿ. ಸುಮ್ನ ಆ ಕಾಗದದ್ದೊಂದು ಫೋಟೋ ಕಳಿಸಿದ್ದೆ. ಅಣ್ಣನ ಮಗಳಿಗೆ ಒಂದು ಅವಕಾಶ ಸಿಗಲಿ ಅಂತ..."

ತಪ್ಪಿಗಿಂತ ಆ 'ಸುಮ್ನ' ಎಂಬ ಮಾತು ಹರೀಶನಿಗೆ ಹೆಚ್ಚು ಹೇಸಿಗೆ ತಂದಿತು. ನಕ್ಕವರು ಈಗ ಚಪ್ಪಲಿ ಹುಡುಕುತ್ತಿದ್ದರು. ರುಬಿನಾ ಶಿಬಿರದ ಪಟ್ಟಿಯಲ್ಲಿ ರುಕ್ಮಾಳ ಹೆಸರು ಬರೆದು ಬಸಲಿಂಗಯ್ಯನವರ ಮುಂದಿಟ್ಟಳು. ಅವರು ಸಹಿ ಹಾಕಿ, ಹರೀಶನ ಕಿವಿಯ ಹತ್ತಿರ ಬಾಗಿದರು. "ಮನೀ ಮಾತು ಮನ್ಯಾಗ ಇರಲಿ ತಮ್ಮಾ. ಪೇಪರಿನ್ಯಾಗ ಬ್ಯಾಡ."

ಹರೀಶ ಪೆನ್ನು ತೆಗೆದು ರುಕ್ಮಾಳತ್ತ ನೋಡಿದ.

"ಬರೀರಿ ಸರ್," ಎಂದಳು ಅವಳು. "ನನ್ನ ಹೆಸರು ಎಷ್ಟ ಜೋರಾಗಿ ಒದರಿದ್ರೋ, ಅವರದು ಅಷ್ಟ ದಪ್ಪ ಅಕ್ಷರದಾಗ ಬರೀರಿ."