ಅತ್ತೆ ನುಂಗಿದ ವಿಟಮಿನ್

“ಇದು ವಿಟಮಿನ್ನಾ?!”

ಗಂಡ ಮಾತ್ರೆಯ ಸ್ಟ್ರಿಪ್ಪನ್ನು ಹೊಲಿಗೆ ಮಷಿನ್ ಮೇಲೆ ಎಸೆದ. ಹೊಲಿಯುತ್ತಿದ್ದ ಅವಳು ಮಷಿನ್ ನಿಲ್ಲಿಸಿದಳು. ಅಂತೂ ಗುಟ್ಟು ರಟ್ಟಾಯಿತು!

ಆಗಿದ್ದಿಷ್ಟೇ. ಸೊಸೆ ದಿನಾ ನುಂಗುವ ‘ವಿಟಮಿನ್’ ತನ್ನ ಮಂಡಿನೋವಿಗೂ ಆದೀತು ಅಂತ ಅತ್ತೆ ಡಬ್ಬಿಯಿಂದ ಒಂದು ಸ್ಟ್ರಿಪ್ ಎತ್ತಿಕೊಂಡು ಸದ್ದಿಲ್ಲದೆ ನುಂಗತೊಡಗಿದ್ದರು. ಇವತ್ತು ಮಗನ ಜೊತೆ ಕ್ಲಿನಿಕ್‌ಗೆ ಹೋಗಿ, “ಇದೇ ಇನ್ನೊಂದು ಕೊಡಿ” ಅಂದರಂತೆ!

“ಅಜ್ಜೀ, ಇದು ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ! ಈ ವಯಸ್ಸಲ್ಲಿ ನಿಮಗ್ಯಾಕೆ? ಮೊದಲು ನಿಲ್ಲಿಸಿ” ಅಂದರಂತೆ ಡಾಕ್ಟರು.

ಬೇರೆಯವರ ಮನೆಯ ಕಥೆಯಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು. ಆದರೆ ಗಂಡನ ಮುಖ ಬಿಳಿಚಿಕೊಂಡಿತ್ತು.

“ನನ್ನ ಮಗು ನಿನಗೆ ಬೇಡ. ಅಂದ್ರೆ ನಾನೂ ಬೇಡ... ಅಲ್ವಾ?”

‘ಅಯ್ಯೋ, ಹೇಗೆ ಹೇಳಲಿ?’ ಆದರೂ ಮಾತು ನುಗ್ಗಿ ಬಂತು.

“ಬೇಕು ರೀ! ಹೋದ ವರ್ಷ ಹೊಟ್ಟೇಲಿದ್ದ ಮಗು ಹೋದಾಗ ನಾನೂ ಸಾಯೋ ಹಾಗಾಗಿತ್ತು. ನೀವು ‘ಇನ್ನೊಂದು ಆಗುತ್ತೆ ಬಿಡು’ ಅಂದ್ರಿ... ಹೆದರಿಕೆ ಆಗ್ತಿದೆ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಮುಗೀತು, ಎಲ್ಲ ಮುಗೀತು! ಅವಳು ಅಳುತ್ತಲೇ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು. ಅತ್ತೆ ಬಂದು ಚೀಲ ಕಿತ್ತುಕೊಂಡರು.

“ಸುಮ್ನಿರೇ! ಹೆದರಿದವಳು ನೀನೊಬ್ಬಳೇ ಅಂದ್ಕೊಂಡ್ಯಾ? ಆವತ್ತು ಆಸ್ಪತ್ರೇಲಿ ಅವನನ್ನ ನೋಡಿದವಳು ನಾನು.”

ಅಷ್ಟರಲ್ಲಿ ಗಂಡ ವಾಪಸ್ ಬಂದ. ಬಂದವನೇ ಅವಳ ಅಂಗೈಯಲ್ಲಿ ಅದೇ ಮಾತ್ರೆಯ ಹೊಸ ಸ್ಟ್ರಿಪ್ಪೊಂದನ್ನು ಇಟ್ಟ. ಮೆಡಿಕಲ್ ಶಾಪಿನವನು ಅದನ್ನು ಯಾವಾಗಲೂ ಪೇಪರಿನಲ್ಲಿ ಸುತ್ತಿ, ಕಳ್ಳಮಾಲಿನ ಹಾಗೆ ಕೊಡುತ್ತಿದ್ದ. ಇವತ್ತು ಪೇಪರೇ ಇರಲಿಲ್ಲ.

“ಸುತ್ತಬೇಡಿ ಅಂದೆ. ಅಷ್ಟು ಜನರ ಎದುರು ‘ನನ್ನ ಹೆಂಡತಿಗೆ ಗರ್ಭನಿರೋಧಕ ಮಾತ್ರೆ ಕೊಡಿ’ ಅಂತ ಗಟ್ಟಿಯಾಗೇ ಕೇಳಿದೆ.” ಅವನು ಅವಳ ಬೆರಳುಗಳನ್ನು ಅದರ ಮೇಲೆ ಮಡಚಿದ. “ಆವತ್ತು ಡಾಕ್ಟರ ಕೈ ಹಿಡ್ಕೊಂಡು, ಅವಳೊಬ್ಬಳು ಉಳಿದ್ರೆ ಸಾಕು ಅಂತ ಅತ್ತಿದ್ದೆ ಕಣೇ. ನಿನ್ನ ಮುಂದೆ ಮಾತ್ರ ದೊಡ್ಡ ಧೈರ್ಯವಂತನ ಹಾಗೆ ಮಾತಾಡಿಬಿಟ್ಟೆ... ತಪ್ಪಾಯ್ತು.”

“ಅದಿರಲಿ, ನನ್ನ ಮಂಡಿಗೆ ಏನು ತಂದ್ಯೋ?” ಅತ್ತೆ ಕೇಳಿದರು.

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ಅವನ ಎದೆಗೆ ಒರಗಿ ಮೆಲ್ಲಗೆ ಕೇಳಿದಳು: “ರೀ... ನನಗೆ ಯಾವತ್ತೂ ಧೈರ್ಯ ಬರದೇ ಹೋದ್ರೆ?”

“ನೀನಿದ್ದೀಯಲ್ಲ. ಸಾಕು.”